ಐದು ದಿನಗಳಾಚೆಗೂ ಪ್ಲೇಟ್‌ಲೆಟ್ ಉಳಿಯಲಿ: ಆರೋಗ್ಯ ಸಚಿವರಿಗೆ ಕರಾವಳಿಯಿಂದೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಗಾಗಿ ಹೆಪ್ಪುಗಟ್ಟಿಸಿದ (ಅತಿ ಶೀತದಲ್ಲಿ ಫ್ರೀಜ್ ಮಾಡಿದ) ಪ್ಲೇಟ್‌ಲೆಟ್‌ಗಳ ಒಂದು ಪ್ರಾಯೋಗಿಕ ದಾಸ್ತಾನನ್ನು ಮಂಗಳೂರಿನಲ್ಲಿ ಆರಂಭಿಸುವ ಕುರಿತು.

ಮಾನ್ಯರೇ,

ನಾನು ಉಡುಪಿಯವಳು. ಈ ಎರಡು ಜಿಲ್ಲೆಗಳ ರಕ್ತನಿಧಿಗಳಲ್ಲಿ ಎರಡು ದಶಕಗಳಿಗೂ ಮೀರಿ ತಂತ್ರಜ್ಞೆಯಾಗಿ, ಅದರಲ್ಲೂ ಬಹುಕಾಲ ರಕ್ತದ ಘಟಕಗಳನ್ನು ಬೇರ್ಪಡಿಸುವ ವಿಭಾಗದಲ್ಲಿ ದುಡಿದು ಈಗ ನಿವೃತ್ತಳಾಗಿದ್ದೇನೆ. 2020ರ ತಿದ್ದುಪಡಿಯ ನಂತರ ಕಾಗದಪತ್ರಗಳಲ್ಲಿ ‘ರಕ್ತ ಕೇಂದ್ರ’ ಎಂದು ಬರೆಯಬೇಕಾಗಿದ್ದರೂ ಜನರ ಬಾಯಲ್ಲಿ ಅದು ಇನ್ನೂ ಬ್ಲಡ್ ಬ್ಯಾಂಕ್ ಆಗಿಯೇ ಉಳಿದಿರುವುದರಿಂದ ನಾನು ಹಳೆಯ ಹೆಸರನ್ನೇ ಬಳಸುತ್ತೇನೆ. ತಮ್ಮ ಕಚೇರಿಗೆ ಬರುವ ಮನವಿಗಳಲ್ಲಿ ಹೆಚ್ಚಿನವು ಹೊಸ ಕಟ್ಟಡವನ್ನೋ ಹೊಸ ಹುದ್ದೆಯನ್ನೋ ಕೇಳುವಂಥವು ಎಂದು ಬಲ್ಲೆ. ನಾನು ಕೇಳುತ್ತಿರುವುದು ಒಂದು ಡೀಪ್ ಫ್ರೀಜರ್, ಅದರ ಬಳಕೆಗೆ ಬೇಕಾದ ಅನುಮತಿ, ಮತ್ತು ಆ ಅನುಮತಿಗೆ ಹಾಕಬೇಕಾದ ಕೆಲವು ಕಟ್ಟುನಿಟ್ಟಿನ ಷರತ್ತುಗಳು.

ಕೆಂಪು ರಕ್ತಕಣಗಳ ಚೀಲವನ್ನು 2ರಿಂದ 6 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟರೆ, ಅದರಲ್ಲಿ ಬಳಸಿದ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ ಬಾಳುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ವರ್ಷವಿಡೀ ಇಡಬಹುದು. ಇವೆರಡರ ನಡುವೆ ಹುಟ್ಟಿದ, ರಕ್ತಸ್ರಾವ ನಿಲ್ಲಿಸಲು ನೆರವಾಗುವ ಕಿರುಕಣವಾದ ಪ್ಲೇಟ್‌ಲೆಟ್‌ಗೆ ಮಾತ್ರ ಐದೇ ದಿನದ ಆಯುಷ್ಯ. ಅದನ್ನು ಫ್ರಿಜ್ಜಿನಲ್ಲಿಡುವಂತಿಲ್ಲ, ಸುಮಾರು 22 ಡಿಗ್ರಿಯಲ್ಲಿ, ಏಜಿಟೇಟರ್ ಎಂಬ ಯಂತ್ರದ ತಟ್ಟೆಗಳ ಮೇಲೆ, ಹಗಲಿರುಳೂ ತೊಟ್ಟಿಲಿನಂತೆ ತೂಗುತ್ತಲೇ ಇರಬೇಕು. ಆ ಉಷ್ಣತೆಯಲ್ಲಿ ಅಪ್ಪಿತಪ್ಪಿ ಒಳಸೇರಿದ ಬ್ಯಾಕ್ಟೀರಿಯಾಗಳೂ ಚೆನ್ನಾಗಿಯೇ ಬೆಳೆಯುವುದರಿಂದ ಐದು ದಿನದ ಗಡಿಯನ್ನು ಸುಮ್ಮನೆ ಮುಂದೂಡುವಂತಿಲ್ಲ. ಬೆಳಿಗ್ಗೆ ಡ್ಯೂಟಿಗೆ ಬಂದೊಡನೆ ಒಂದೊಂದು ಚೀಲವನ್ನೂ ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿ ನೋಡುವುದು ನಮ್ಮ ಮೊದಲ ಕೆಲಸವಾಗಿತ್ತು. ಜೀವಂತ ಪ್ಲೇಟ್‌ಲೆಟ್‌ಗಳು ಚಪ್ಪಟೆ ಬಿಲ್ಲೆಗಳಾಗಿರುವುದರಿಂದ ಬೆಳಕಿನಲ್ಲಿ ರೇಷ್ಮೆ ಸೀರೆಯ ಹೊಳಪಿನಂತೆ ಅಲೆಯಲೆಯಾಗಿ ಸುಳಿಯುತ್ತವೆ. ನಾವು ಅದನ್ನು ಸ್ವರ್ಲಿಂಗ್ ಎನ್ನುತ್ತೇವೆ. ಆ ಸುಳಿ ಚೆನ್ನಾಗಿಯೇ ಕಾಣುತ್ತಿರುವ ಚೀಲವನ್ನೂ ದಿನ ಮುಗಿಯಿತೆಂದು ಬಿಸಿ ಹಬೆಯಲ್ಲಿ ನಾಶಪಡಿಸುವ ಆಟೊಕ್ಲೇವಿಗೆ ಹಾಕಬೇಕಾಗಿ ಬಂದಾಗ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಈ ನಷ್ಟ ನಮ್ಮ ಕರಾವಳಿಯಲ್ಲಿ ಒಂದು ಲಯದಲ್ಲಿ ನಡೆಯುತ್ತದೆ. ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಆಗಸ್ಟ್ 15, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅದರ ಮರುದಿನದ ಗಾಂಧಿ ಜಯಂತಿ: ಇಂಥ ದಿನಗಳಲ್ಲಿ ಯುವಕ ಮಂಡಲಗಳೂ ಕಾಲೇಜುಗಳೂ ದೇವಸ್ಥಾನ, ಮಸೀದಿ, ಚರ್ಚುಗಳ ಸಂಘಟನೆಗಳೂ ಪೈಪೋಟಿಯಿಂದ ಶಿಬಿರ ನಡೆಸುತ್ತವೆ. ಅಂದು ರಾತ್ರಿ, ರಕ್ತವನ್ನು ವೇಗವಾಗಿ ತಿರುಗಿಸಿ ಘಟಕಗಳನ್ನು ಬೇರ್ಪಡಿಸುವ ನಮ್ಮ ಸೆಂಟ್ರಿಫ್ಯೂಜ್‌ಗೆ ಬಿಡುವಿರುವುದಿಲ್ಲ, ಏಕೆಂದರೆ ರಕ್ತ ತೆಗೆದ ಆರರಿಂದ ಎಂಟು ಗಂಟೆಯೊಳಗೆ ಬೇರ್ಪಡಿಸದಿದ್ದರೆ ಅದರಿಂದ ಪ್ಲೇಟ್‌ಲೆಟ್ ಸಿಗುವುದಿಲ್ಲ. ಐದು ದಿನ ತಟ್ಟೆ ತುಂಬಿರುತ್ತದೆ, ಆರನೆಯ ದಿನ ಖಾಲಿ. ಏಪ್ರಿಲ್–ಮೇ ತಿಂಗಳ ಪರೀಕ್ಷೆ ಮತ್ತು ರಜೆಯಲ್ಲಿ ವಿದ್ಯಾರ್ಥಿಗಳು ಊರಿನಲ್ಲಿರುವುದಿಲ್ಲ. ಜೋರು ಮಳೆಗಾಲದಲ್ಲಿ ಶಿಬಿರಕ್ಕೆ ಜನ ಸೇರುವುದಿಲ್ಲ. ಬೇಡಿಕೆಯಾದರೋ ಪಂಚಾಂಗ ನೋಡಿ ಬರುವುದಲ್ಲ.

ಒಂದು ಜುಲೈ ತಿಂಗಳ ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ಯಾವ ಆಸ್ಪತ್ರೆ, ಯಾವ ವರ್ಷ ಎಂಬುದು ಬೇಡ. ಯಾರನ್ನೂ ದೂರುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದ ಒಬ್ಬ ಹೆಣ್ಣುಮಗಳಿಗಾಗಿ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಕರೆ ಬಂತು. ಕೆಂಪು ಕಣ ಇತ್ತು, ಪ್ಲಾಸ್ಮಾ ಇತ್ತು, ಪ್ಲೇಟ್‌ಲೆಟ್ ಒಂದೂ ಇರಲಿಲ್ಲ. ಹಿಂದಿನ ದಿನವಷ್ಟೇ ನಾನೇ ನನ್ನ ಕೈಯಾರೆ ಅವಧಿ ಮೀರಿದ ನಾಲ್ಕು ಚೀಲಗಳನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಆ ಮಳೆಯಲ್ಲಿ ಬಂದ ಒಬ್ಬ ಯುವಕನನ್ನು ಯಂತ್ರಕ್ಕೆ ಕೂರಿಸಿ ಎಸ್‌ಡಿಪಿ, ಅಂದರೆ ಒಬ್ಬನೇ ದಾನಿಯಿಂದ ನೇರವಾಗಿ ತೆಗೆಯುವ ಪ್ಲೇಟ್‌ಲೆಟ್, ತೆಗೆದೆವು. ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಣಿಕೆ, ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು, ಮತ್ತೆ ಯಂತ್ರದ ಮೇಲೆ ಒಂದೂವರೆ ಗಂಟೆ. ಚೀಲ ಆಪರೇಷನ್ ಥಿಯೇಟರ್ ತಲಪುವಾಗ ರಾತ್ರಿ ಮೂರು ಕಳೆದಿತ್ತು. ತಾಯಿ ಉಳಿದರು, ಗರ್ಭಕೋಶ ಉಳಿಯಲಿಲ್ಲ. ಆ ನಾಲ್ಕು ಚೀಲಗಳು ಇದ್ದಿದ್ದರೆ ಬೇರೆಯೇ ಆಗುತ್ತಿತ್ತು ಎಂದು ನಾನು ಹೇಳಲಾರೆ. ಬಾಣಂತಿಯ ರಕ್ತಸ್ರಾವ ಹಲವು ಕಾರಣಗಳಿಂದ ಆಗುತ್ತದೆ, ಹಲವರ ಕೈಯಿಂದ ನಿಲ್ಲುತ್ತದೆ. ಆದರೆ ಹತ್ತು ಗಂಟೆಗೆ ಕೇಳಿದ್ದನ್ನು ಹತ್ತೂವರೆಗೆ ಕೊಡುವ ದಾರಿಯೊಂದು ಜಗತ್ತಿನಲ್ಲಿ ಇದೆಯೆಂಬುದು ಅಂದು ನನಗೆ ತಿಳಿದಿರಲಿಲ್ಲ.

ಆ ದಾರಿ ಹೊಸದೇನಲ್ಲ. ಅಮೆರಿಕದ ನೌಕಾಪಡೆಯ ರಕ್ತ ಸಂಶೋಧಕ ವ್ಯಾಲೆರಿ ಮತ್ತು ಅವರ ಸಂಗಡಿಗರು, ಪ್ಲೇಟ್‌ಲೆಟ್‌ಗಳಿಗೆ ಶೇ 6ರಷ್ಟು ಡೈಮಿಥೈಲ್ ಸಲ್ಫಾಕ್ಸೈಡ್ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುವ ಸರಳ ವಿಧಾನವನ್ನು 1974ರಲ್ಲೇ ಪ್ರಕಟಿಸಿದ್ದರು. ಇದರ ಹಿಂದಿನ ತತ್ವವನ್ನು ಮಲ್ಪೆಯ ಮೀನು ಮಾರುವ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮನೆಯ ಫ್ರೀಜರಿನಲ್ಲಿಟ್ಟ ಬಂಗುಡೆಯನ್ನು ಹೊರತೆಗೆದಾಗ ನೀರು ಬಿಟ್ಟು ಮೆತ್ತಗಾಗುತ್ತದಲ್ಲ, ಅದಕ್ಕೆ ಕಾರಣ ನಿಧಾನವಾಗಿ ಬೆಳೆದ ಮಂಜಿನ ಹರಳುಗಳು ಮಾಂಸದ ಕಣಗಳನ್ನು ಸೀಳಿಹಾಕಿರುವುದು. ಡೈಮಿಥೈಲ್ ಸಲ್ಫಾಕ್ಸೈಡ್ ಕಣದೊಳಕ್ಕೆ ನುಸುಳಿ ಅಲ್ಲಿನ ನೀರಿನೊಡನೆ ಬೆರೆತು ಅಂಥ ಹರಳುಗಳು ಮೂಡದಂತೆ ತಡೆಯುತ್ತದೆ. ಕಾಗದದ ಕಾರ್ಖಾನೆಗಳ ಉಪೋತ್ಪನ್ನವಾಗಿ ಸಿಗುವ ಈ ದ್ರವಕ್ಕೆ ಒಂದು ವಿಚಿತ್ರ ಗುಣವಿದೆ: ಅದು ಮೈಸೇರಿದ ರೋಗಿಯ ಉಸಿರು ಒಂದಷ್ಟು ಹೊತ್ತು ಬೆಳ್ಳುಳ್ಳಿಯ ಹಾಗೆ ನಾರುತ್ತದೆ. ಹೆಚ್ಚು ಪ್ರಮಾಣದಲ್ಲಿ ಒಳಹೋದರೆ ವಾಕರಿಕೆಯಂಥ ತೊಂದರೆಗಳೂ ಬರುತ್ತವೆ. ಮೊದಮೊದಲು ಕರಗಿಸಿದ ಮೇಲೆ ಅದನ್ನು ತೊಳೆದು ತೆಗೆಯಬೇಕಾಗಿತ್ತು, ಅದಕ್ಕೆ ಸಮಯವೂ ಹಿಡಿಯುತ್ತಿತ್ತು, ಕಣಗಳೂ ನಷ್ಟವಾಗುತ್ತಿದ್ದವು. ನಂತರದ ವರ್ಷಗಳಲ್ಲಿ ವ್ಯಾಲೆರಿಯವರ ಪ್ರಯೋಗಾಲಯವೇ ಇನ್ನೊಂದು ಉಪಾಯ ಕಂಡುಕೊಂಡಿತು: ಹೆಪ್ಪುಗಟ್ಟಿಸುವ ಮೊದಲೇ ಚೀಲವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ದ್ರವದ ಬಹುಪಾಲನ್ನು ತೆಗೆದು, ತಳದಲ್ಲಿ ಉಳಿದ ಸ್ವಲ್ಪವನ್ನಷ್ಟೇ ಫ್ರೀಜರಿಗೆ ಹಾಕುವುದು. ಇದರಿಂದಾಗಿ ಕರಗಿಸುವ ಕೆಲಸ ಅತಿ ಸುಲಭವಾಯಿತು. 37 ಡಿಗ್ರಿಯ ನೀರಿನಲ್ಲಿ ಕೆಲವೇ ನಿಮಿಷ ಅದ್ದಿ, ಪಕ್ಕದಲ್ಲೇ ಕರಗಿಸಿಟ್ಟ ಒಂದು ಚೀಲ ಪ್ಲಾಸ್ಮಾದಲ್ಲಿ ಮೆಲ್ಲಗೆ ಬೆರೆಸಿದರೆ ಮುಗಿಯಿತು. ಮೈನಸ್ 80 ಡಿಗ್ರಿಯಲ್ಲಿ ಎರಡು ವರ್ಷ ಕಾಯುವ ಚೀಲ, ಕರಗಿದ ಮೇಲೆ ಮಾತ್ರ ನಾಲ್ಕರಿಂದ ಆರು ಗಂಟೆಯೊಳಗೆ ರೋಗಿಯನ್ನು ಸೇರಬೇಕು.

ಇದನ್ನು ವ್ಯವಸ್ಥಿತವಾಗಿ ನಡೆಸಿ ತೋರಿಸಿದ್ದು ನೆದರ್ಲೆಂಡ್ಸ್‌ನ ಸೇನೆ. ದೂರದೇಶದ ಶಿಬಿರಗಳಿಗೆ ಐದು ದಿನದ ಆಯುಷ್ಯದ ಪ್ಲೇಟ್‌ಲೆಟ್‌ಗಳನ್ನು ಮತ್ತೆ ಮತ್ತೆ ಸಾಗಿಸುವುದು ಅಸಾಧ್ಯವೆಂದು ಕಂಡು, ಅವರು ಮೈನಸ್ 80 ಡಿಗ್ರಿಯ ದಾಸ್ತಾನನ್ನು ಜೊತೆಗೇ ಒಯ್ದು ಅಫ್ಘಾನಿಸ್ತಾನದ ತಮ್ಮ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಬಳಸಿದರು. ಒ ಗುಂಪಿನ ಪ್ಲೇಟ್‌ಲೆಟ್‌ಗಳನ್ನು ಎಬಿ ಗುಂಪಿನ ಪ್ಲಾಸ್ಮಾದಲ್ಲಿ ಬೆರೆಸಿಕೊಟ್ಟರೆ ಯಾವ ಗುಂಪಿನವರಿಗೂ ಆಗುತ್ತದೆ ಎಂಬ ಅವರ ವ್ಯವಸ್ಥೆ ನಮಗೂ ಅನುಕರಣೀಯ. ಆಸ್ಟ್ರೇಲಿಯಾದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹೆಪ್ಪುಗಟ್ಟಿಸಿದ ಮತ್ತು ತಾಜಾ ಪ್ಲೇಟ್‌ಲೆಟ್‌ಗಳನ್ನು ಹೋಲಿಸಿ ವೈದ್ಯಕೀಯ ಪ್ರಯೋಗಗಳೂ ನಡೆದಿವೆ.

ಇಲ್ಲಿಯವರೆಗೆ ಓದಿದವರಿಗೆ, ಹಾಗಾದರೆ ಐದನೆಯ ದಿನ ಎಸೆಯುವ ಚೀಲಗಳನ್ನೆಲ್ಲ ಫ್ರೀಜರಿಗೆ ತುಂಬಿಸಿದರಾಯಿತಲ್ಲ ಎಂದು ಅನ್ನಿಸಬಹುದು. ಹಾಗಲ್ಲ. ಹೆಪ್ಪುಗಟ್ಟಿಸುವುದಾದರೆ ಮೊದಲ ಒಂದೆರಡು ದಿನಗಳಲ್ಲೇ, ಕಣಗಳು ಗಟ್ಟಿಮುಟ್ಟಾಗಿರುವಾಗಲೇ ಮಾಡಬೇಕು. ಮಂಜುಗಡ್ಡೆಗೆ ಹಾಕಿದ ಮಾತ್ರಕ್ಕೆ ಹಳಸಿದ ಮೀನು ತಾಜಾ ಆಗುವುದಿಲ್ಲ. ಅಂದರೆ ಆಗಸ್ಟ್ 15ರ ಶಿಬಿರದ ರಾತ್ರಿಯೇ, ಈ ವಾರದ ನಿತ್ಯದ ಬಳಕೆಗೆ ಇಷ್ಟು, ಮುಂದಿನ ತಿಂಗಳುಗಳ ತುರ್ತಿಗೆ ಇಷ್ಟು ಎಂದು ನಿರ್ಧರಿಸುವ ಒಬ್ಬ ವೈದ್ಯರು ಅಲ್ಲಿರಬೇಕು. ಯಂತ್ರಕ್ಕಿಂತ ಈ ನಿರ್ಧಾರವೇ ಕಷ್ಟದ್ದು ಎಂಬುದು ನನ್ನ ಅನುಭವ.

ಇನ್ನೊಂದು ಮಾತನ್ನು ಮುಚ್ಚಿಟ್ಟು ಈ ಮನವಿ ಸಲ್ಲಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. ಹೆಪ್ಪುಗಟ್ಟಿ ಕರಗಿದ ಪ್ಲೇಟ್‌ಲೆಟ್ ತಾಜಾ ಪ್ಲೇಟ್‌ಲೆಟ್‌ಗೆ ಸಮನಲ್ಲ. ಅದನ್ನು ಬೆಳಕಿಗೆ ಹಿಡಿದರೆ ನಾನು ಮೇಲೆ ಹೇಳಿದ ರೇಷ್ಮೆಯ ಸುಳಿ ಕಾಣುವುದಿಲ್ಲ, ಬಿಲ್ಲೆಗಳು ತಮ್ಮ ಆಕಾರವನ್ನು ಕಳೆದುಕೊಂಡಿರುತ್ತವೆ. ಒಂದಷ್ಟು ಪಾಲು ಪ್ರಕ್ರಿಯೆಯಲ್ಲೇ ನಷ್ಟವಾಗುತ್ತದೆ, ಉಳಿದವು ದೇಹದಲ್ಲಿ ಹೆಚ್ಚು ಹೊತ್ತು ಸುತ್ತಾಡುವುದಿಲ್ಲ. ಆದರೆ ಅತಿ ಶೀತದಲ್ಲಿ ಗಟ್ಟಿಯಾಗುವ ಆ ಆಘಾತದಿಂದಲೇ ಅವುಗಳ ಹೊರಪೊರೆಯ ಒಳಮೈ ಹೊರಕ್ಕೆ ತಿರುಗಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಕೂಡಲು ನೆಲೆ ಸಿಗುತ್ತದೆ. ಹೀಗಾಗಿ ಅವು ಸೋರುತ್ತಿರುವ ಗಾಯದಲ್ಲಿ ಚುರುಕಾಗಿ ಕೆಲಸ ಮಾಡಬಲ್ಲವು. ಬೇಡದ ಜಾಗದಲ್ಲಿ ಗಡ್ಡೆ ಕಟ್ಟುವ ಅಪಾಯದ ಮೇಲೆ ಕಣ್ಣಿಡಬೇಕಾದದ್ದೂ ಇದೇ ಕಾರಣಕ್ಕೆ. ಆದ್ದರಿಂದ ನನ್ನ ವಾದ ತಾಜಾ ಪ್ಲೇಟ್‌ಲೆಟ್ ಬಿಟ್ಟು ಇದನ್ನು ಕೊಡಿ ಎಂಬುದಲ್ಲ. ತಾಜಾ ಇದ್ದರೆ ತಾಜಾದ್ದನ್ನೇ ಕೊಡಬೇಕು. ನಾನು ಹೋಲಿಸುತ್ತಿರುವುದು ಹೆಪ್ಪುಗಟ್ಟಿಸಿದ ಪ್ಲೇಟ್‌ಲೆಟ್‌ನ್ನು, ಆ ಜುಲೈ ರಾತ್ರಿಯ ಖಾಲಿ ತಟ್ಟೆಯೊಂದಿಗೆ.

ಇಲ್ಲಿಯೇ ಡೆಂಗಿ ಜ್ವರದ ಮಾತು ಬರುತ್ತದೆ, ಮತ್ತು ನನ್ನ ದೊಡ್ಡ ಅಂಜಿಕೆಯೂ ಅದೇ. 2024ರ ಸೆಪ್ಟೆಂಬರಿನಲ್ಲಿ ತಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಮಳೆಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ‘ಬಿಳಿ ರಕ್ತ ಇಳಿದಿದೆ’ ಎಂಬ ಮಾತು ಕೇಳಿಬರುತ್ತದೆ (ಜನ ಪ್ಲೇಟ್‌ಲೆಟ್‌ಗೇ ಹಾಗೆನ್ನುವುದು, ಬಿಳಿ ರಕ್ತಕಣ ಬೇರೆಯೇ ಎಂದು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ). ವರದಿಯಲ್ಲಿ ಎಣಿಕೆ ನಲವತ್ತು ಸಾವಿರ ಎಂದು ಕಂಡೊಡನೆ ಮನೆಯವರು ಕಂಗಾಲಾಗಿ ದಾನಿಗಳನ್ನು ಹುಡುಕಲು ಓಡುತ್ತಾರೆ, ಕೆಲವೊಮ್ಮೆ ವೈದ್ಯರೂ ಅವರ ಒತ್ತಾಯಕ್ಕೆ ಮಣಿಯುತ್ತಾರೆ. ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಎಣಿಕೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಕೊಡಬೇಕಾಗಿಲ್ಲವೆಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಸಿಂಗಾಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಣಿಕೆ ಇಪ್ಪತ್ತು ಸಾವಿರ ಅಥವಾ ಅದಕ್ಕೂ ಕಡಿಮೆ ಇದ್ದ ವಯಸ್ಕ ಡೆಂಗಿ ರೋಗಿಗಳಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ. ಹೆಚ್ಚು ಹೊತ್ತು ದೇಹದಲ್ಲಿ ಉಳಿಯದ ಹೆಪ್ಪುಗಟ್ಟಿಸಿದ ಪ್ಲೇಟ್‌ಲೆಟ್ ಅಂಥ ಬಳಕೆಗೆ ಇನ್ನೂ ಒಗ್ಗುವುದಿಲ್ಲ. ಆದರೂ ಫ್ರೀಜರಿನಲ್ಲಿ ಚೀಲ ಇದೆಯೆಂದು ತಿಳಿದ ಮರುದಿನವೇ ಶಿಫಾರಸಿನ ಫೋನುಗಳು ಶುರುವಾಗುತ್ತವೆ. ನಾನು ಕಂಡ ಲೋಕ ಅದು. ಹಾಗಾಗಿ ಈ ದಾಸ್ತಾನಿನಿಂದ ಒಂದು ಚೀಲ ಹೊರಬರಬೇಕಾದರೆ ರೋಗಿಗೆ ರಕ್ತಸ್ರಾವ ಆಗುತ್ತಿರಲೇಬೇಕು, ತಾಜಾ ಪ್ಲೇಟ್‌ಲೆಟ್ ಆ ಹೊತ್ತಿಗೆ ಎರಡೂ ಜಿಲ್ಲೆಗಳಲ್ಲಿ ಸಿಗದಂತಿರಬೇಕು ಎಂಬ ಎರಡು ಷರತ್ತುಗಳನ್ನು ಆದೇಶದಲ್ಲೇ ಬರೆಯಬೇಕೆಂದು ಕೋರುತ್ತೇನೆ. ಎಣಿಕೆಯ ಚೀಟಿ ತೋರಿಸಿದವರಿಗೆ ಅದು ಸಿಗಬಾರದು.

ಹೆಪ್ಪುಗಟ್ಟಿಸುವ ಬದಲು ಫ್ರಿಜ್ಜಿನಲ್ಲೇ ಇಡಬಾರದೇಕೆ ಎಂದು ತಮ್ಮ ತಜ್ಞರು ಕೇಳಬಹುದು, ಮತ್ತು ಅದು ನ್ಯಾಯವಾದ ಪ್ರಶ್ನೆ. 1969ರವರೆಗೆ ಸಾಮಾನ್ಯವಾಗಿ ಎಲ್ಲರೂ ಪ್ಲೇಟ್‌ಲೆಟ್‌ಗಳನ್ನು ತಣ್ಣಗೇ ಇಡುತ್ತಿದ್ದರು. ತಂಪಿನಲ್ಲಿಟ್ಟವು ದೇಹದಲ್ಲಿ ಬೇಗ ಅಳಿಯುತ್ತವೆ, ಕೋಣೆಯ ಉಷ್ಣತೆಯಲ್ಲಿಟ್ಟವು ಹೆಚ್ಚು ಕಾಲ ಉಳಿಯುತ್ತವೆ ಎಂದು ಸಂಶೋಧಕರಾದ ಮರ್ಫಿ ಮತ್ತು ಗಾರ್ಡನರ್ ಆ ವರ್ಷ ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಈಗ ಚಕ್ರ ಒಂದು ಸುತ್ತು ಬಂದಿದೆ: ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ, ರಕ್ತಸ್ರಾವದ ರೋಗಿಗಳಿಗೆ ಸಾಮಾನ್ಯ ಪ್ಲೇಟ್‌ಲೆಟ್ ಸಿಗದಿದ್ದಾಗ, ಫ್ರಿಜ್ಜಿನಲ್ಲಿ 14 ದಿನಗಳವರೆಗೆ ಇಟ್ಟದ್ದನ್ನು ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿದ್ದಾರೆ. ಇದಕ್ಕೆ ಹೊಸ ಫ್ರೀಜರೂ ಬೇಡ, ರಾಸಾಯನಿಕವೂ ಬೇಡ. ನಮ್ಮ ಪ್ರಯೋಗದಲ್ಲಿ ಇದನ್ನೂ ಜೊತೆಗೆ ಪರೀಕ್ಷಿಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ನಮ್ಮ ಮಳೆಗಾಲ 14 ದಿನಗಳದ್ದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯೂ ಸುಬ್ರಹ್ಮಣ್ಯ–ಸಕಲೇಶಪುರ ರೈಲುಮಾರ್ಗವೂ ಬಂದ್ ಆದವು, ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಅಂಥ ದಿನಗಳಲ್ಲಿ ಬೆಂಗಳೂರಿನಿಂದ ಏನಾದರೂ ಬಂದೀತು ಎಂದು ಕಾಯುವುದು ನಮಗೆ ಸಾಧ್ಯವಿಲ್ಲ. ಎರಡು ವರ್ಷ ಬಾಳುವ ದಾಸ್ತಾನು ಘಾಟಿಯ ಕೆಳಗಿನವರಿಗೆ ಬೇಕಾದದ್ದು ಅದಕ್ಕಾಗಿಯೇ.

ನಮ್ಮ ದೇಶದ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳು ಪ್ಲೇಟ್‌ಲೆಟ್‌ಗೆ ವಿಧಿಸಿರುವುದು ಐದು ದಿನದ ಕೋಣೆಯುಷ್ಣತೆಯ ಪದ್ಧತಿಯನ್ನು. ಆದ್ದರಿಂದ ನಾಳೆಯೇ ಯಾರಾದರೂ ಉತ್ಸಾಹದಿಂದ ಚೀಲಗಳನ್ನು ಫ್ರೀಜರಿಗೆ ಹಾಕುವುದು ತಪ್ಪಾಗುತ್ತದೆ. ಇದು ನೈತಿಕ ಸಮಿತಿಯ ಒಪ್ಪಿಗೆ, ಕೇಂದ್ರ ಔಷಧ ನಿಯಂತ್ರಕರ ಅನುಮತಿ ಮತ್ತು ರೋಗಿಯ ಅಥವಾ ಮನೆಯವರ ಲಿಖಿತ ಸಮ್ಮತಿಯೊಂದಿಗೆ ನಡೆಯುವ ಅಧ್ಯಯನವಾಗಿಯೇ ಆರಂಭವಾಗಬೇಕು. ಅದಕ್ಕೆ ಮಂಗಳೂರಿಗಿಂತ ಸೂಕ್ತ ಸ್ಥಳ ನನಗೆ ಕಾಣುವುದಿಲ್ಲ. 1848ರಿಂದ ನಡೆದುಬಂದ ವೆನ್ಲಾಕ್ ಜಿಲ್ಲಾಸ್ಪತ್ರೆ, ಹೆರಿಗೆಗಾಗಿ ಸುತ್ತಲಿನ ತಾಲ್ಲೂಕುಗಳ ಬಡವರು ಬಂದು ಸೇರುವ ಲೇಡಿಗೋಷನ್ ಆಸ್ಪತ್ರೆ, ಹತ್ತಾರು ಕಿಲೋಮೀಟರುಗಳ ಫಾಸಲೆಯಲ್ಲಿ ಹಲವು ವೈದ್ಯಕೀಯ ಕಾಲೇಜುಗಳು, ಉತ್ತರಕ್ಕೆ ಒಂದು ಹೆದ್ದಾರಿಯ ದೂರದಲ್ಲಿ ಉಡುಪಿ, ಮಣಿಪಾಲ: ರೋಗಿಗಳೂ ತಜ್ಞರೂ ಇಷ್ಟು ಒತ್ತಟ್ಟಿಗೆ ಇರುವ ಜಾಗ ರಾಜ್ಯದಲ್ಲಿ ವಿರಳ.

ಸಣ್ಣಪುಟ್ಟದಾಗಿ ಕಾಣುವ ಕೆಲವು ವಿಷಯಗಳನ್ನು ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಏಕೆಂದರೆ ಯೋಜನೆಗಳು ಇಂಥಲ್ಲೇ ಮುಗ್ಗರಿಸುತ್ತವೆ. ಮೈನಸ್ 80 ಡಿಗ್ರಿಯಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಚೀಲ ಹಪ್ಪಳದಂತೆ ಮುರಿಯುತ್ತದೆ, ತಕ್ಕ ಚೀಲವನ್ನೂ ರಟ್ಟಿನ ಪೆಟ್ಟಿಗೆಯನ್ನೂ ಟೆಂಡರಿನಲ್ಲೇ ಸೇರಿಸಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲು, ಜನರೇಟರ್ ಇದ್ದರೆ ಸಾಲದು, ಮಧ್ಯರಾತ್ರಿ ಫ್ರೀಜರಿನ ಉಷ್ಣತೆ ಏರಿದರೆ ಯಾರ ಫೋನು ಬಡಿಯಬೇಕೆಂಬುದೂ ಬರೆದಿಟ್ಟಿರಬೇಕು. ಕರಗಿಸುವ ಅಭ್ಯಾಸವನ್ನು ರಾತ್ರಿಪಾಳಿಯ ಕಿರಿಯ ತಂತ್ರಜ್ಞರಿಗೇ ಮೊದಲು ಮಾಡಿಸಬೇಕು; ಹಗಲಿನಲ್ಲಿ ಹಿರಿಯರು ಕಲಿತುಕೊಂಡು ಕುಳಿತರೆ ಪ್ರಯೋಜನವಿಲ್ಲ.

ಫ್ರೀಜರ್ ಬರುವ ಮುನ್ನವೇ, ಹಣವಿಲ್ಲದೆ ಮಾಡಬಹುದಾದ ಒಂದು ಕೆಲಸವೂ ಇದೆ. ಎರಡೂ ಜಿಲ್ಲೆಗಳ ಪ್ರತಿಯೊಂದು ರಕ್ತನಿಧಿಯೂ ತಿಂಗಳಿಗೆ ಎಷ್ಟು ಪ್ಲೇಟ್‌ಲೆಟ್ ತಯಾರಿಸಿತು, ಎಷ್ಟು ಕೊಟ್ಟಿತು, ಎಷ್ಟನ್ನು ಅವಧಿ ಮೀರಿ ನಾಶಪಡಿಸಿತು ಎಂಬ ಮೂರು ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವಂತೆ ಮಾಡಿ. ರಕ್ತನಿಧಿಗಳ ಸರ್ಕಾರಿ ಜಾಲತಾಣವಾದ ಇ-ರಕ್ತಕೋಶದಲ್ಲಿ ಇಂದಿನ ದಾಸ್ತಾನು ಕಾಣುತ್ತದೆ, ನಿನ್ನೆ ಎಸೆದದ್ದರ ಲೆಕ್ಕವೂ ಅದರ ಪಕ್ಕದಲ್ಲೇ ಕಾಣಲಿ. ಎಷ್ಟು ಚೀಲ ಹೆಪ್ಪುಗಟ್ಟಿಸಿದರೆ ಸಾಕು ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ, ಮತ್ತು ಒಂದೇ ದಿನ ಹತ್ತು ಶಿಬಿರ ನಡೆಸುವ ನಮ್ಮ ಸಂಘಟಕರು ದಿನಾಂಕ ಹಂಚಿಕೊಳ್ಳಲೂ ಅದೇ ನೆಪವಾದೀತು.

ಮಲ್ಪೆಯ ಒಬ್ಬ ದೋಣಿ ಕೆಲಸಗಾರ, ಮೀನುಗಾರಿಕೆಗೆ ನಿಷೇಧವಿರುವ ಜೂನ್–ಜುಲೈ ತಿಂಗಳುಗಳಲ್ಲಿ ಬಿಡುವಿರುತ್ತದೆಂದು ತಪ್ಪದೆ ಬಂದು ಪ್ಲೇಟ್‌ಲೆಟ್ ಕೊಡುತ್ತಿದ್ದ. ಒಮ್ಮೆ ಬಂದಾಗ, “ಅಕ್ಕ, ಹೋದ ಸಲ ನಾನು ಕೊಟ್ಟದ್ದು ಯಾರಿಗೆ ಹೋಯ್ತು?” ಎಂದು ಕೇಳಿದ. ಯಾವ ರೋಗಿಗಾಗಿ ತೆಗೆದಿದ್ದೆವೋ ಅವರಿಗೆ ಬೇಕಾಗದೆ, ಬೇರೆ ಯಾರೂ ಕೇಳದೆ, ಅವನ ಚೀಲ ಐದನೆಯ ದಿನ ನಾಶವಾಗಿತ್ತು. ದಾನಿಯ ಮತ್ತು ರೋಗಿಯ ಗುರುತು ಹೇಳುವಂತಿಲ್ಲ ಎಂಬ ನಿಯಮದ ಮರೆಯಲ್ಲಿ ಅಂದು ನಾನು ತಪ್ಪಿಸಿಕೊಂಡೆ.

ಅಧ್ಯಯನಕ್ಕೆ ಸಮಿತಿಯೊಂದನ್ನು ರಚಿಸುವುದಾದರೆ, ದಿನಾಂಕವಾರು ನಾಶಪಡಿಸಿದ ಚೀಲಗಳ ಬಗ್ಗೆ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು, ಹೆಸರುಗಳಿಲ್ಲದ ಬರಿಯ ಸಂಖ್ಯೆಗಳಾಗಿ, ಒಪ್ಪಿಸಲು ಸಿದ್ಧಳಿದ್ದೇನೆ. ಮುಂದಿನ ಜೂನ್ 14ರ ಶಿಬಿರಗಳು ಆರಂಭವಾಗುವ ಮೊದಲು ಅನುಮತಿಯ ಅರ್ಜಿಯಾದರೂ ದೆಹಲಿ ತಲಪುವಂತೆ ತಾವು ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರಕ್ತನಿಧಿ ತಂತ್ರಜ್ಞೆ,
ಉಡುಪಿ.